ದುಂಡಪ್ಪ ಮಣ್ಣಾಗಲಿಲ್ಲ

ದಾಳಿಂಬೆ ತೋಟದ ಹನ್ನೊಂದನೆಯ ಸಾಲಿನ ಕೊನೆಯಲ್ಲಿ ಭೂಶೋಧಕ ನಿಂತುಬಿಟ್ಟಿತು. ಬೆಳಗಿನ ಎಂಟು ಗಂಟೆಯಾಗಿತ್ತು. ಅದು ಎತ್ತಿನ ಬಂಡಿಯಷ್ಟು ಅಗಲದ, ಮೊಣಕಾಲೆತ್ತರದ, ಆರು ಗಾಲಿಯ ಯಂತ್ರ. ನಡೆಸುವವರು ಬೇಕಿಲ್ಲ. ಮೂರು ಹೆಜ್ಜೆಗೊಮ್ಮೆ ನಿಂತು, ಹೊಟ್ಟೆಯ ಕೆಳಗಿನ ಉಕ್ಕಿನ ಸರಳುಗಳನ್ನು ನೆಲಕ್ಕೆ ಇಳಿಸಿ, ಒಂದು ಮಿಡಿತ ಬಿಟ್ಟು, ಸರಳುಗಳನ್ನು ಮೇಲೆತ್ತಿಕೊಂಡು ಮುಂದೆ ಹೋಗುತ್ತದೆ. ಮಿಡಿತ ಕಿವಿಗೆ ಕೇಳುವುದಿಲ್ಲ. ಬರಿಗಾಲಲ್ಲಿ ನಿಂತವರಿಗೆ ಅಂಗಾಲು ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಏಳು ಅಡಿ ಆಳದವರೆಗಿನ ಮಣ್ಣಿನಲ್ಲಿ ಬೆಳೆಯ ಬೇರನ್ನು ಬಿಟ್ಟು ಮತ್ತೇನೂ ಬದುಕಿ ಉಳಿಯುವುದಿಲ್ಲ.

ಈ ಸಲ ಅದು ಮಿಡಿತ ಬಿಡಲಿಲ್ಲ. ಹೊಸ ಮಾದರಿಯ ಯಂತ್ರ. ಬಂದು ನಾಲ್ಕು ದಿನವಾಗಿತ್ತು. ಹಳೆಯವು ಕುರುಡು. ಹೊಸದಕ್ಕೆ ನೆಲದೊಳಗಿನದನ್ನು ಕಾಣುವ ನೆಲನೋಟವಿತ್ತು, ಕಂಡದ್ದನ್ನು ಹೇಳುವ ಬಾಯಿಯಿತ್ತು.

“ಮುಂದಿನ ಸ್ಥಳದಲ್ಲಿ, ಆರು ಅಡಿ ಆಳದಲ್ಲಿ, ಮಾನವ ದೇಹ ಪತ್ತೆಯಾಗಿದೆ,” ಎಂದಿತು ಯಂತ್ರ. “ಮೃತಪಟ್ಟ ಅವಧಿ ಒಂದು ದಿನದ ಒಳಗೆ. ಪೊಲೀಸರಿಗೆ ಮಾಹಿತಿ ರವಾನಿಸಲಾಗಿದೆ. ದಯವಿಟ್ಟು ಯಾರೂ ಸ್ಥಳ ಬಿಟ್ಟು ಕದಲಬೇಡಿ.”

ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ ನಿಂಬೆವ್ವ ತಲೆ ಎತ್ತಿ ನೋಡಿದಳು. ತೋಟ ಅವಳದು. ಯಂತ್ರ ತೋರಿಸುತ್ತಿದ್ದ ಜಾಗದಲ್ಲಿ ಹೂತಿದ್ದವನು ಅವಳ ಗಂಡ.

“ಒಂದ ದಿನ ಅಲ್ಲ. ಒಂಬತ್ತ ವರ್ಷ ಆತು,” ಎಂದಳು.

ಯಂತ್ರ ಉತ್ತರ ಕೊಡಲಿಲ್ಲ. ಅದಕ್ಕೆ ಬಾಯಿ ಇಟ್ಟಿದ್ದರು, ಕಿವಿ ಇಟ್ಟಿರಲಿಲ್ಲ. ನಿಂಬೆವ್ವ ಉಳಿದ ಅರ್ಧ ರೊಟ್ಟಿ ಮುಗಿಸಿದಳು.

ಮುತ್ತಲಗಟ್ಟಿ ಡೋಣಿ ನದಿಯ ದಂಡೆಯ ಊರು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುತ್ತಿದ್ದ ಕಾಲ ಹೋಗಿ, ಊರಿನ ತುಂಬ ದಾಳಿಂಬೆ ಬಂದಿತ್ತು. ದಾಳಿಂಬೆಯ ಹಿಂದೆಯೇ ಸೊರಗು ರೋಗ ಬಂತು. ಮಣ್ಣಿನೊಳಗಿನ ಒಂದು ಬೂಸ್ಟು ಬೇರಿಗೆ ಹತ್ತಿ, ಕಾಯಿ ತುಂಬಿದ ಗಿಡ ಹದಿನೈದು ದಿನದಲ್ಲಿ ನಿಂತಲ್ಲೇ ಒಣಗುತ್ತಿತ್ತು. ಎಲ್ಲ ಔಷಧ ಸುರಿದು ಸಾಕಾದ ಮೇಲೆ ಭೂಶೋಧಕ ಬಂತು. ಅದರ ತರ್ಕ ಸರಳವಾಗಿತ್ತು. ಒಂದು ಬೂಸ್ಟನ್ನು ಹುಡುಕಿ ಕೊಲ್ಲುವುದು ಕಷ್ಟ. ಮಣ್ಣಿನಲ್ಲಿರುವ ಎಲ್ಲವನ್ನೂ ಕೊಲ್ಲುವುದು ಸುಲಭ. ಗಿಡಕ್ಕೆ ಬೇಕಾದ ಅನ್ನವನ್ನು ಕೊಳವೆಯಲ್ಲಿ ಕರಗಿಸಿ ಕೊಟ್ಟರಾಯಿತು. ಮಣ್ಣು ಗಿಡವನ್ನು ನೆಟ್ಟಗೆ ಹಿಡಿದು ನಿಂತರೆ ಸಾಕು.

ಹದಿನೈದು ದಿನಕ್ಕೊಮ್ಮೆ ಹೊಲ ಶುದ್ಧ ಮಾಡುವ ಈ ಯಂತ್ರವನ್ನು ಊರಿನವರು ಮಡಿಗಾಡಿ ಎಂದು ಕರೆದರು. ಮಡಿಗಾಡಿ ಹಾಯ್ದ ಹೊಲ ಮಡಿ ನೆಲವಾಯಿತು. ಸೊರಗು ರೋಗ ಹೋಯಿತು. ಕಸ ಹೋಯಿತು. ಗೆದ್ದಲು, ಇರುವೆ, ಎರೆಹುಳು ಹೋದವು. ಹಣ್ಣು ಮೊದಲಿನದಕ್ಕಿಂತ ದಪ್ಪಗೆ, ಕೆಂಪಗೆ ಬಂತು. ಇದರಲ್ಲಿ ಸುಳ್ಳೇನೂ ಇಲ್ಲ.

ಉಳಿದ ಬದಲಾವಣೆಗಳು ನಿಧಾನವಾಗಿ ಬಂದವು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತಿದ್ದ ಎರೆಮಣ್ಣು ಬಿರಿಯುವುದನ್ನು ಬಿಟ್ಟು ಹಿಟ್ಟಿನಂತಾಯಿತು. ಮಳೆ ಬಿದ್ದರೆ ನೀರು ಒಳಗೆ ಇಳಿಯದೆ ಮಣ್ಣನ್ನು ಹೊತ್ತುಕೊಂಡು ಡೋಣಿಗೆ ಓಡಿತು. ಬಾವಿಗಳ ನೀರು ಇಳಿಯಿತು. ಮಾರ್ಚ್ ತಿಂಗಳಲ್ಲಿ ಗಾಳಿ ಎದ್ದರೆ ಎದುರು ಮನೆ ಕಾಣುತ್ತಿರಲಿಲ್ಲ. ಕತ್ತರಿಸಿ ಬದುವಿಗೆ ಎಸೆದ ದಾಳಿಂಬೆಯ ಟೊಂಗೆಗಳು ಹತ್ತು ವರ್ಷವಾದರೂ ಎಸೆದಂತೆಯೇ ಬಿದ್ದಿದ್ದವು. ಯಾರೂ ಇದನ್ನೊಂದು ಸಮಸ್ಯೆ ಎಂದು ಎಣಿಸಲಿಲ್ಲ. ಟೊಂಗೆ ಕೊಳೆಯದಿದ್ದರೆ ಸುಟ್ಟರಾಯಿತು.

ಊರಿಗೆ ಮೊದಲ ಮಡಿಗಾಡಿ ತಂದವನು ದುಂಡಪ್ಪ, ನಿಂಬೆವ್ವನ ಗಂಡ. ತಂದ ವರ್ಷವೇ ಹಿತ್ತಲಿನ ತಿಪ್ಪೆಯನ್ನು ಬಳಿದು ಊರಾಚೆ ಸಾಗಿಸಿದ. ಒಂದು ಬುಟ್ಟಿ ತಿಪ್ಪೆಗೊಬ್ಬರವನ್ನು ನಿಂಬೆವ್ವ ಎತ್ತಿಟ್ಟು, ತೋಟದ ಮೂಲೆಯಲ್ಲಿ ನೆಟ್ಟ ಹೀರೆಬಳ್ಳಿಯ ಬುಡಕ್ಕೆ ಹಾಕಿದಳು. ಮಡಿ ನೆಲ ಮೈಲಿಗೆ ಮಾಡಿದಿ ಎಂದು ದುಂಡಪ್ಪ ಅವಳ ಎಡಗೈ ಹಿಡಿದು ತಿರುವಿದ. ಮಣಿಕಟ್ಟು ಮುರಿಯಿತು. ಕೂಡಿಕೊಂಡಾಗ ಸೊಟ್ಟಗೆ ಕೂಡಿತು. ಅದು ಅವನು ಮಾಡಿದ್ದರಲ್ಲಿ ಕಣ್ಣಿಗೆ ಕಾಣುವಂಥದ್ದು. ಮಕ್ಕಳಿರಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ, ಒಂದು ಮಧ್ಯಾಹ್ನ, ಅವನು ಹನ್ನೊಂದನೆಯ ಸಾಲಿನಲ್ಲಿ ಎದೆ ಹಿಡಿದುಕೊಂಡು ಬಿದ್ದು ಸತ್ತ. ಅವರ ಪದ್ಧತಿಯಂತೆ ಸ್ವಂತ ಹೊಲದಲ್ಲಿಯೇ ಕುಣಿ ತೋಡಿ, ಕೂಡಿಸಿ, ವಿಭೂತಿ ಪತ್ರಿ ಇಟ್ಟು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟು ಹೋದರು. ನಿಂಬೆವ್ವನೂ ಕೊಟ್ಟಳು. ಮರುದಿನ ಮಡಿಗಾಡಿಯ ಸರದಿ ಇತ್ತು. ಅದು ತನ್ನ ಪಾಡಿಗೆ ಹಾಯ್ದು ಹೋಯಿತು.

ಹತ್ತು ಗಂಟೆಗೆ ಪೊಲೀಸ್ ಠಾಣೆಯಿಂದ ಫೌಜದಾರರು ಬಂದರು.

“ನಿಮ್ಮ ಯಜಮಾನ್ರು ಎಲ್ಲಿ ಅದಾರ್ರಿ?”

“ನೀವು ನಿಂತಲ್ಲೇ ಅದಾರ. ಆರ ಅಡಿ ಕೆಳಗ.”

“ನಿನ್ನೆ ಎಲ್ಲಿದ್ರು?”

“ಅಲ್ಲೇ ಇದ್ರು. ಮೊನ್ನಿನೂ ಅಲ್ಲೇ ಇದ್ರು.”

ಫೌಜದಾರರು ಬರೆದುಕೊಳ್ಳುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಯಂತ್ರ ಒಂದು ದಿನ ಎನ್ನುತ್ತಿದೆ, ಹೆಂಡತಿ ಒಂಬತ್ತು ವರ್ಷ ಎನ್ನುತ್ತಿದ್ದಾಳೆ. ಯಂತ್ರದ ಮಾತಿಗೆ ಸರಕಾರದ ಮುದ್ರೆ ಇರುತ್ತದೆ. ಅವರು ಅಗೆಯಲು ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ದುಂಡಪ್ಪ ಕಾಣಿಸಿಕೊಂಡ. ಕೂಡಿಸಿದಂತೆಯೇ ಕುಳಿತಿದ್ದ. ಮೈ ಸ್ವಲ್ಪ ಒಣಗಿತ್ತು, ಬಣ್ಣ ಕಂದಿತ್ತು. ಆದರೆ ಮೀಸೆ ಮೀಸೆಯಾಗಿಯೇ ಇತ್ತು. ಹಣೆಯ ವಿಭೂತಿ ಹಾಗೆಯೇ ಇತ್ತು. ಮಡಿಲಲ್ಲಿ ಹಾಕಿದ್ದ ಬಿಲ್ವಪತ್ರೆಯ ಎಲೆಗಳನ್ನು ಎಣಿಸಬಹುದಿತ್ತು. ಹುಬ್ಬು ಗಂಟಿಕ್ಕಿತ್ತು. ಅದು ಅವನ ಎಂದಿನ ಮುಖ.

ಕುಣಿಯ ದಂಡೆಯಲ್ಲಿ ನಿಂತವರು ಬಗ್ಗಿ ನೋಡಿದರು. ಆಮೇಲೆ ದುಂಡಪ್ಪನ ತಮ್ಮ ಮಲಗೊಂಡ ಟೊಪ್ಪಿಗೆ ತೆಗೆದು ನೆಲಕ್ಕೆ ಹಣೆ ಹಚ್ಚಿದ. ಮಲಗೊಂಡ ಪಂಚಾಯಿತಿ ಅಧ್ಯಕ್ಷ. ಅವನು ಬಾಗಿದ್ದನ್ನು ನೋಡಿ ಉಳಿದವರೂ ಬಾಗಿದರು.

“ಕೆಡಲಿಲ್ಲ ನೋಡ್ರಿ ನಮ್ಮಣ್ಣ! ಒಂಬತ್ತ ವರ್ಷ! ಇಂಥಾ ದೇಹ ಶರಣರಿಗೆ ಅಷ್ಟ ಸಿಗತೈತಿ,” ಎಂದು ಅತ್ತ. “ವೈನಿ, ನಾವು ಅವನ್ನ ಗುರುತಿಸಲಿಲ್ಲ.”

“ನಾ ಗುರುತಿಸಿದ್ದೆ,” ಎಂದಳು ನಿಂಬೆವ್ವ. ಅವಳು ಬಾಗಿರಲಿಲ್ಲ. ಅವಳಿಗೆ ದುಃಖವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಗಂಡ ಊರಿಗೆ ಹೋಗಿದ್ದಾನೆ ಎಂದು ಬಾಗಿಲು ಹಾಕಿ ಮಲಗಿದವಳಿಗೆ, ಹಿಂದೆ ತಿರುಗಿದರೆ ಅವನು ಪಡಸಾಲೆಯಲ್ಲೇ ಕುಳಿತಿರುವುದು ಕಂಡಂತಾಯಿತು.

ಹೆಣ ಪರೀಕ್ಷಿಸಿದ ಆಸ್ಪತ್ರೆಯ ವೈದ್ಯರಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅವರು ಪೊಲೀಸರಿಗೆ ಹೇಳಿದರು, ಪೊಲೀಸರು ವಿಜಯಪುರದಿಂದ ಒಬ್ಬ ಮಣ್ಣುವಿಜ್ಞಾನಿಯನ್ನು ಕರೆಸಿದರು. ಹೆಸರು ಶಾಹಿನ್ ನದಾಫ. ಮೂವತ್ತೈದರ ಹೆಂಗಸು. ಕುಣಿಗೆ ಇಳಿದು, ನಾಲ್ಕು ಗೋಡೆಯಿಂದಲೂ ಮಣ್ಣು ತೆಗೆದು ಡಬ್ಬಿಗೆ ತುಂಬಿಕೊಂಡಳು. ಉಸಿರುಮಾಪಕ ಎಂಬ ಕೊಳವೆಯನ್ನು ಮಣ್ಣಿಗೆ ಚುಚ್ಚಿ ಒಂದು ಗಂಟೆ ಕುಳಿತಳು. ಬದುಕಿರುವ ಮಣ್ಣು ನಮ್ಮಂತೆಯೇ ಉಸಿರು ಬಿಡುತ್ತದೆ. ಅದರೊಳಗಿನ ಕೋಟಿಗಟ್ಟಲೆ ಜೀವಿಗಳು ಬಿಟ್ಟ ಗಾಳಿಯನ್ನು ಈ ಕೊಳವೆ ಅಳೆಯುತ್ತದೆ. ಕೊಳವೆಯ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಕೆಟ್ಟಿದೆಯೇನೋ ಎಂದು ಅವಳು ಅದನ್ನು ತನ್ನ ಅಂಗೈಗೆ ಒತ್ತಿ ನೋಡಿದಳು. ಮುಳ್ಳು ಎದ್ದಿತು. ಮತ್ತೆ ಮಣ್ಣಿಗೆ ಚುಚ್ಚಿದಳು. ಸೊನ್ನೆ.

ಮೂರನೆಯ ದಿನ ಪಂಚಾಯಿತಿ ಕಟ್ಟೆಯ ಮುಂದೆ ಅವಳು ಊರಿಗೆಲ್ಲ ವಿವರಿಸಿದಳು. ಈ ಮಣ್ಣಿನಲ್ಲಿ ಕೊಳೆಸುವ ಜೀವಿ ಒಂದೂ ಇಲ್ಲ. ಹೂತ ಮರುದಿನವೇ ಮಡಿಗಾಡಿ ಹಾಯ್ದದ್ದರಿಂದ ದೇಹದ ಒಳಗಿನವೂ ಸತ್ತವು. ಯಂತ್ರದ ಮಿಡಿತಕ್ಕೆ ಮಣ್ಣು ಯಾವುದು, ಹೊಟ್ಟೆ ಯಾವುದು ಎಂಬ ಭೇದ ಇಲ್ಲ. ಇದು ಪವಾಡವಲ್ಲ. ಈ ಹೊಲದಲ್ಲಿ ಯಾರನ್ನು ಹೂತರೂ ಹೀಗೆಯೇ ಇರುತ್ತಾರೆ. ಎಚ್ಚರಿಕೆಯ ಮಾತೆಂದರೆ, ಹೆಣವನ್ನು ಮಣ್ಣು ಮಾಡಲಾರದ ಮಣ್ಣು ಬಹಳ ದಿನ ಬೆಳೆಯನ್ನೂ ಹಿಡಿಯಲಾರದು. ತಿಪ್ಪೆಗೊಬ್ಬರ ಹಾಕಿ, ಯಂತ್ರ ನಿಲ್ಲಿಸಿ.

“ಯಾರನ್ನ ಹೂತ್ರೂ ಅಂದ್ರ?” ಎಂದ ಮಲಗೊಂಡ.

“ಯಾರನ್ನ ಹೂತ್ರೂ.”

“ಹಂಗಾರ ನಮ್ಮೂರಾಗ ಸತ್ತವರೆಲ್ಲ ಶರಣರಾ ಅಂತೀರಿ.”

ಜನ ನಕ್ಕರು. ಶಾಹಿನ್ ಕೂಡ ನಗಬೇಕೆಂದಿದ್ದಳು, ಆಗಲಿಲ್ಲ. “ಬಾಯಾರ, ತಿಪ್ಪಿ ಹಾಕಿ ಸೊರಗು ರೋಗ ಬಂದ್ರ ಸಾಯೂ ಗಿಡದ ಬಾಯಾಗ ನೀವು ಬಂದು ನೀರು ಬಿಡ್ತೀರೇನು?” ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳ ಬಳಿ ಅದಕ್ಕೆ ಚಿಕ್ಕ ಉತ್ತರ ಇರಲಿಲ್ಲ. ದೊಡ್ಡ ಉತ್ತರ ಕೇಳಲು ಯಾರೂ ನಿಲ್ಲಲಿಲ್ಲ.

ಸಂಜೆ ನಿಂಬೆವ್ವ ಅವಳನ್ನು ಮನೆಗೆ ಕರೆದು ಚಹಾ ಕೊಟ್ಟಳು.

“ಬಾಯಾರ, ಅವರನ್ನ ಮತ್ತ ಅದ ಕುಣ್ಯಾಗ ಕೂಡಸ್ತಾರಂತ. ಮ್ಯಾಲ ಗದ್ದಿಗಿ ಕಟ್ಟಸ್ತಾರಂತ.”

“ಕೇಳಿದೆ, ಅವ್ವಾರ.”

“ಮಗ್ಗಲದಾಗ ಇನ್ನೊಂದ ಕುಣಿ ಗುರುತು ಹಾಕ್ಯಾರ. ಅದು ನಂದಂತ. ಜೋಡಿ ಗದ್ದಿಗಿ ಚಂದ ಕಾಣತೈತಂತ ಮೈದುನ ಅಂತಾನ.”

ಶಾಹಿನ್ ಚಹಾದ ಬಸಿ ಕೆಳಗಿಟ್ಟಳು.

“ನನ್ನ ಅಲ್ಲಿ ಕೂಡಿಸಿದ್ರ ನಾನೂ ಹಂಗ ಇರತೇನೇನ್ರಿ? ಹಿಂಗ, ಹಿಂಗಿದ್ದಂಗ?”

“ಈ ಮಣ್ಣಾಗ ಇರ್ತೀರಿ.”

“ಎಷ್ಟ ದಿನ?”

“ಅದಕ್ಕ ಲೆಕ್ಕ ಇಲ್ಲ. ನೂರು ವರ್ಷ ಅನ್ರಿ, ಸಾವಿರ ಅನ್ರಿ. ಮಣ್ಣಾಗ ಮತ್ತ ಹುಳಾ ಹುಪ್ಪಡಿ ಬಂದು ತಿನ್ನೂತನಕ. ಬೇರೆ ಕಡೆ ಹೂಳ್ರಿ ಅಂತ ಬರದಿಡ್ರಿ.”

“ಬೇರೆ ಕಡೆ ಅಂದ್ರ ಎಲ್ಲಿ? ಸುತ್ತ ಎಲ್ಲ ಮಡಿ ನೆಲ. ನಮ್ಮಾಗ ಸುಡೂದಿಲ್ಲ. ಬರದಿಟ್ಟರ ಓದಾವರ್ಯಾರು? ಮೈದುನ.” ನಿಂಬೆವ್ವ ಸೊಟ್ಟ ಕೈಯಿಂದ ಸೆರಗು ಸರಿಮಾಡಿಕೊಂಡಳು. ಅವಳ ಧ್ವನಿ ಏರಲಿಲ್ಲ. “ಮೂವತ್ತೊಂದ ವರ್ಷ ಇದ್ದೆ, ಬಾಯಾರ. ಸತ್ತ ಮ್ಯಾಲ ಮುಗೀತಂತ ತಿಳದಿದ್ದೆ. ಮಣ್ಣು ಕೊಟ್ಟ ಬಂದ ದಿನ ಎರಡ ರೊಟ್ಟಿ ಹೆಚ್ಚಿಗಿ ತಿಂದೆ. ಇನ್ನ ಸಾವಿರ ವರ್ಷ ಅವನ ಮಗ್ಗಲದಾಗ ಕುಂಡ್ರಬೇಕೇನು?”

ಶಾಹಿನ್‌ಗೆ ಮಣ್ಣಿನ ಬಗ್ಗೆ ಹದಿಮೂರು ವರ್ಷದ ಓದಿತ್ತು. ಈ ಪ್ರಶ್ನೆ ಅದರಲ್ಲಿ ಬಂದಿರಲಿಲ್ಲ.

“ನಮ್ಮಾಗೂ ಮಣ್ಣು ಕೊಡ್ತಾರ, ಅವ್ವಾರ. ಮೂರು ಹಿಡಿ,” ಎಂದಳು. “ಕೊಟ್ಟ ಮಣ್ಣು ಉಳಿದ ಕೆಲಸ ಮಾಡತದ ಅಂತ ನಂಬಿ ಕೊಡ್ತೀವಿ. ಮೊದಲ ಒಂದು ಚಮಚ ಎರಿ ಮಣ್ಣಾಗ ಈ ಭೂಮಿ ಮ್ಯಾಲಿನ ಮನುಷ್ಯಾರಿಗಿಂತ ಹೆಚ್ಚು ಜೀವ ಇರ್ತಿದ್ವು. ಎಲಿ ಬಿದ್ರ ಎಲಿ ತಿಂತಿದ್ವು, ಸಗಣಿ ಬಿದ್ರ ಸಗಣಿ, ಮನುಷ್ಯಾ ಬಿದ್ರ ಮನುಷ್ಯಾನ್ನ. ತಿಂದದ್ದನ್ನ ಬೇರಿಗೆ ಕೊಡ್ತಿದ್ವು. ಅವುಗಳ ಅಂಟಿನಿಂದ ಮಣ್ಣು ಹೆಂಟಿ ಆಗಿ ನಿಲ್ತಿತ್ತು. ಹೆಂಟಿ ಸಂದಿನ್ಯಾಗ ಮಳಿನೀರು ಇಳೀತಿತ್ತು. ಅವು ಹೋದ್ವು, ಎಲ್ಲಾ ಹೋತು.”

“ತಿರುಗಿ ಬರೂದಿಲ್ಲೇನು?”

“ಬರ್ತಾವ. ಬೀಜ ಬೇಕು, ಅಂದ್ರ ಜೀವ ಇರೋ ಮಣ್ಣು, ಮಡಿಗಾಡಿ ಹಾಯದೇ ಇದ್ದ ಜಾಗದ್ದು. ಅವಕ್ಕ ಊಟ ಬೇಕು. ಸಿಹಿ, ಕಾಳಿನ ಹಿಟ್ಟು, ಮಜ್ಜಿಗಿ, ಸಗಣಿ, ಏನಾದ್ರೂ. ಹಸಿ ಇರಬೇಕು. ಮ್ಯಾಲ ಗಾಡಿ ಹಾಯಬಾರದು. ಅಷ್ಟ. ಆದ್ರ ನಿಮ್ಮೂರಾಗ ಒಬ್ಬರೂ ಒಂದು ಬುಟ್ಟಿ ಸಗಣಿ ಹಾಕೂದಿಲ್ಲ. ಇವತ್ತ ನೋಡಿದ್ನೆಲ್ಲ.”

“ಸಗಣಿ ಹಾಕೂದಿಲ್ಲ,” ಎಂದು ನಿಂಬೆವ್ವ ಒಪ್ಪಿದಳು. ಆಮೇಲೆ ಕೇಳಿದಳು: “ಬೆಲ್ಲ ನಡೀತೈತೇನ್ರಿ?”

“ಬೆಲ್ಲ ಭಾಳ ಚಲೋ.”

ನಿಂಬೆವ್ವ ಇನ್ನೊಂದು ಬಸಿ ಚಹಾ ಹಾಕಿದಳು.

ದುಂಡಪ್ಪನನ್ನು ಮತ್ತೆ ಅದೇ ಕುಣಿಯಲ್ಲಿ ಕೂಡಿಸಿದರು. ಮಲಗೊಂಡ ಮೇಲೆ ಸಿಮೆಂಟು ಹಾಕಿಸಿ ಕಲ್ಲು ಹಾಸಲು ಹೊರಟಿದ್ದ. ನಿಂಬೆವ್ವ ಬೇಡ ಎಂದಳು. ಅವಳು ಶರಣನ ಹೆಂಡತಿ. ಬೇಡ ಎನ್ನುವ ಅಧಿಕಾರ ಅವಳಿಗೆ ಮೊದಲ ಸಲ ಬಂದಿತ್ತು.

“ಕನಸಿನ್ಯಾಗ ಬಂದಿದ್ರು,” ಎಂದಳು. “ನನಗ ಯಾರೂ ಸರಿಯಾಗಿ ಮಣ್ಣು ಕೊಟ್ಟಿಲ್ಲ ಅಂದ್ರು.”

ಕೂಡಿದವರಲ್ಲಿ ಗುಸುಗುಸು ಎದ್ದಿತು. ಸತ್ತವನಿಗೆ ಮಣ್ಣು ಕೊಟ್ಟಿಲ್ಲ ಎಂಬುದು ಸಣ್ಣ ಮಾತಲ್ಲ.

“ನಾ ಕೊಟ್ಟೀನಿ ವೈನಿ, ನನ್ನ ಕೈಯಾರೆ,” ಎಂದ ಮಲಗೊಂಡ.

“ಹೊಲದ ಮಣ್ಣು ಕೊಟ್ಟಿ. ಅದು ಅವರದ ಮಣ್ಣು. ಅವರದ ಅವರಿಗೆ ಕೊಟ್ಟರ ಕೊಟ್ಟಂಗಾತೇನು? ಬಂದವರು ತಮ್ಮ ಮಣ್ಣು ತಂದು ಕೊಡಬೇಕಂತ. ಬನ್ನಿಗಿಡದ ಬುಡದ್ದು, ಬೇವಿನ ಬುಡದ್ದು, ಹಾಳುಬಿದ್ದ ಗ್ವಾಡಿ ಸಂದಿಂದು. ಗಾಡಿ ಹಾಯದ್ದು. ಮ್ಯಾಲ ಸಿಮೆಂಟ್ ಬ್ಯಾಡಂತ. ಬೆಲ್ಲದ ನೀರು, ಮಜ್ಜಿಗಿ, ಕಡ್ಲಿಹಿಟ್ಟು ಎಡಿ ಕೊಡಬೇಕಂತ. ಮಣ್ಣಿಗೆ ಕೊಡಬೇಕಂತ, ಕಲ್ಲಿಗಲ್ಲ.”

“ಅಣ್ಣಗ ಸಕ್ರಿ ಬ್ಯಾನಿ ಇತ್ತಲ್ಲ? ಬೆಲ್ಲ ಮುಟ್ಟತಿರಲಿಲ್ಲ.”

“ಈಗಿಲ್ಲ,” ಎಂದಳು ನಿಂಬೆವ್ವ.

ಮಲಗೊಂಡ ಕಲ್ಲು, ಸಿಮೆಂಟನ್ನು ವಾಪಸು ಕಳಿಸಿ ಬರಿ ಮಣ್ಣಿನ ಗದ್ದುಗೆ ಮಾಡಿಸಿದ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಜನ ಹೆಚ್ಚಾದರು. ಜನ ನೆರೆಯುವ ಆ ಜಾಗಕ್ಕೆ ಮಡಿಗಾಡಿಯನ್ನು ಬಿಡುವುದು ನಿಂತಿತು. ಮೊದಲು ಸುತ್ತಲಿನ ಊರಿನವರು, ಆಮೇಲೆ ಮಡಿಗಾಡಿ ಇನ್ನೂ ಬಾರದಿದ್ದ ದೂರದ ಊರುಗಳವರು. ಅವರು ಬರಿಗಾಲಲ್ಲಿ ನಡೆದು ಬರುತ್ತಿದ್ದರು. ಹಿಮ್ಮಡಿಯ ಬಿರುಕುಗಳಲ್ಲಿ, ಉಗುರಿನ ಸಂದಿಯಲ್ಲಿ ತಮ್ಮ ಊರಿನ ಮಣ್ಣು ತರುತ್ತಿದ್ದರು. ಸೆರಗಿನ ಗಂಟಿನಲ್ಲಿ ಒಂದು ಹಿಡಿ ಬೇರೆ. ಗದ್ದುಗೆಯ ಸುತ್ತ ಕಾಲು ತೊಳೆದುಕೊಳ್ಳುವ ನೀರು, ಬೆಲ್ಲದ ನೀರು, ಮಜ್ಜಿಗೆ, ಬಾಳೆಹಣ್ಣಿನ ಸಿಪ್ಪೆ, ಹೂವು, ಉದುರಿದ ಹೋಳಿಗೆಯ ಹೂರಣ ಎಲ್ಲ ಒಂದಾಗಿ ಕೆಸರಾಗುತ್ತಿತ್ತು. ನಿಂಬೆವ್ವ ಪ್ರತಿದಿನ ಬೆಳಗ್ಗೆ ಹಾರೆಯಿಂದ ಅಲ್ಲಲ್ಲಿ ತೂತು ಹಾಕಿ ಆ ಕೆಸರನ್ನು ಒಳಗೆ ಇಳಿಸುತ್ತಿದ್ದಳು. ಆಮೇಲೆ ಗಂಡನ ಪಕ್ಕದಲ್ಲಿ ಕುಳಿತು ಬಂದವರ ನಮಸ್ಕಾರ ತೆಗೆದುಕೊಳ್ಳುತ್ತಿದ್ದಳು. ಎಷ್ಟು ನಿಷ್ಠೆ, ಎಂದು ಹೆಂಗಸರು ಹೇಳುತ್ತಿದ್ದರು. 

ಐದನೆಯ ತಿಂಗಳು ವಾಸನೆ ಬಂತು. ಹೆಚ್ಚೇನಲ್ಲ, ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಮಾತ್ರ. ಮೊದಲು ಗುರುತಿಸಿದವಳು ನಿಂಬೆವ್ವ. ಅವತ್ತು ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದಳು. ಭಕ್ತರು ಮೂಗು ಮುಚ್ಚಿಕೊಳ್ಳಲು ಸಂಕೋಚಪಟ್ಟು ಅದು ತಮ್ಮ ಪಾಪದ ವಾಸನೆ ಎಂದುಕೊಂಡರು. ಮಲಗೊಂಡ ಲೋಬಾನದ ಹೊಗೆಯನ್ನು ಎರಡು ಪಟ್ಟು ಮಾಡಿಸಿದ.

ಎಂಟನೆಯ ತಿಂಗಳು ಇರುವೆ ಬಂದವು. ಮಳೆಯ ನಂತರ ಗರಿಕೆ ಎದ್ದಿತು. ಹದಿನೆಂಟು ವರ್ಷಗಳಲ್ಲಿ ಆ ಹೊಲದಲ್ಲಿ ಯಾರೂ ನೆಡದೆ ಹುಟ್ಟಿದ ಮೊದಲ ಹಸಿರು ಅದು. ಒಂದು ದಿನ ಗದ್ದುಗೆಗೆ ನೀರು ಹಾಕುತ್ತಿದ್ದ ಹೊಸ ಸೊಸೆಯೊಬ್ಬಳು ಕಿರುಚಿ ಕೊಡ ಬಿಟ್ಟಳು. ಹಾವಿನ ಮರಿ, ಎಂದಳು. ಹಾವಿನ ಮರಿಯಲ್ಲ, ಎರೆಹುಳು. ಇಪ್ಪತ್ತರ ಒಳಗಿನವರು ಯಾರೂ ಅದನ್ನು ನೋಡಿರಲಿಲ್ಲ.

ಮಲಗೊಂಡ ನೋಡಿದ್ದ. ಅವನಿಗೆ ಹೆದರಿಕೆಯಾಯಿತು, ಅದು ಸುಳ್ಳು ಹೆದರಿಕೆಯೂ ಅಲ್ಲ. ಹುಳು ಬಂದಲ್ಲಿಗೆ ಬೂಸ್ಟೂ ಬರುತ್ತದೆ. ಪಕ್ಕದಲ್ಲೇ ಅವನ ಎಂಟು ಎಕರೆ ದಾಳಿಂಬೆ ಇತ್ತು. ಮರುದಿನ ಬೆಳಗ್ಗೆ ಅವನು ಗದ್ದುಗೆಯ ಜಾಗಕ್ಕೆ ಮಡಿಗಾಡಿ ಕಳಿಸಿದ.

ಯಂತ್ರ ಗದ್ದುಗೆಯ ಹತ್ತಿರ ಬಂದು ನಿಂತಿತು.

“ಮುಂದಿನ ಸ್ಥಳದಲ್ಲಿ ಮಾನವ ದೇಹ ಪತ್ತೆಯಾಗಿದೆ. ಜೀವಂತವಾಗಿದೆ. ದಯವಿಟ್ಟು ತೆರವುಗೊಳಿಸಿ.”

ನಿಂಬೆವ್ವ ತನಗಾಗಿ ಗುರುತು ಹಾಕಿದ್ದ ಜಾಗದ ಮೇಲೆ ಕಾಲು ಚಾಚಿ ಕುಳಿತಿದ್ದಳು. ದರ್ಶನಕ್ಕೆ ಬಂದ ನಲವತ್ತು ಜನ ಸುತ್ತ ನಿಂತಿದ್ದರು.

“ಏಳ್ರಿ ವೈನಿ. ನೆಲ ಮೈಲಿಗಿ ಆಗೈತಿ. ಒಮ್ಮಿ ಹಾಯಿಸಿ ಮಡಿ ಮಾಡೂಣು.”

“ಯಾವುದಕ್ಕ ಮೈಲಿಗಿ? ನಿಮ್ಮಣ್ಣ ಕುಂತ ನೆಲಕ್ಕ?”

“ಹಂಗಲ್ಲ…”

“ನಿಮ್ಮಣ್ಣ ಮಡಿಗಿಂತ ದೊಡ್ಡಾವ ಹೌದೋ ಅಲ್ಲೋ? ಹೇಳು. ಅಲ್ಲ ಅಂದ್ರ ನಾ ಏಳತೀನಿ. ಅವನ ತಲಿ ಮ್ಯಾಲ ಗಾಡಿ ಹಾಯಿಸು.”

ಮಲಗೊಂಡ ಸುತ್ತ ನಿಂತವರನ್ನು ನೋಡಿದ. ಅವರೂ ಅವನನ್ನೇ ನೋಡುತ್ತಿದ್ದರು. ಅಣ್ಣನನ್ನು ಶರಣ ಮಾಡಿದವನು ಅವನೇ. ಯಂತ್ರ ಮತ್ತೆ ಮೂರು ಸಲ ತೆರವುಗೊಳಿಸಿ ಎಂದಿತು. ಆಮೇಲೆ ಹಿಂದೆ ತಿರುಗಿಕೊಂಡು ತಾನು ಬಂದ ದಾರಿಯಲ್ಲಿ ಹೋಯಿತು.

ಅವತ್ತಿನಿಂದ ಗದ್ದುಗೆಯ ಸುತ್ತ ಅರ್ಧ ಎಕರೆಗೆ ಯಂತ್ರ ಬರಲಿಲ್ಲ. ಅಲ್ಲಿದ್ದ ಮೂವತ್ತು ದಾಳಿಂಬೆ ಗಿಡಗಳ ಅನ್ನದ ಕೊಳವೆಯನ್ನೂ, ಜನ ಎಡವುತ್ತಾರೆಂದು, ಕಿತ್ತುಹಾಕಿದ್ದರು. ಗಿಡಗಳು ಸಾಯಬೇಕಿತ್ತು. ನಾಲ್ಕು ಸತ್ತವು. ಉಳಿದವು ಸಣ್ಣ ಹಣ್ಣು ಬಿಟ್ಟವು. ಪ್ರಸಾದವೆಂದು ಹೊಗಳಿ ತಿಂದವರು ಹೊಗಳಿದ್ದು ಭಕ್ತಿಯಿಂದ ಮಾತ್ರ ಅಲ್ಲ ಎಂದು ಹಳಬರು ಹೇಳುತ್ತಾರೆ. ಹಣ್ಣಿಗೆ ಹಣ್ಣಿನ ರುಚಿ ಇತ್ತು.

ಮುಂದಿನದನ್ನು ನಿಂಬೆವ್ವ ಹೇಳಿಕೊಡಲಿಲ್ಲ. ಬಂದವರು ಗದ್ದುಗೆಯ ಕರಿಮಣ್ಣನ್ನು ಅಂಗಾರದಂತೆ ಹಣೆಗೆ ಹಚ್ಚಿಕೊಂಡು, ಒಂದು ಹಿಡಿ ಗಂಟು ಕಟ್ಟಿಕೊಂಡು ಒಯ್ಯಲು ಶುರುಮಾಡಿದರು. ಮನೆಯ ಜಗಲಿಯ ಮೇಲಿಟ್ಟರು. ಕೆಲವರು ಹೊಲದ ನಾಲ್ಕು ಮೂಲೆಗೆ ಚೆಲ್ಲಿದರು. ಶರಣನ ಮಣ್ಣು ಬಿದ್ದ ಹೊಲದ ಮೇಲೆ ಗಾಡಿ ಹಾಯಿಸುವುದು ಹೇಗೆ ಎಂದು ಕೆಲವರು ಗಾಡಿಯನ್ನು ಬೇಡವೆಂದರು. ಶಾಹಿನ್ ಪಂಚಾಯಿತಿ ಕಟ್ಟೆಯಲ್ಲಿ ಹೇಳಿ ಸೋತದ್ದು ಹೀಗೆ, ಅವಳಿಗೆ ಗೊತ್ತಿಲ್ಲದೆ, ಹಿಡಿ ಹಿಡಿಯಾಗಿ ಹನ್ನೆರಡು ಊರಿಗೆ ಹೋಯಿತು. ಎಲ್ಲರಿಗೂ ಒಳ್ಳೆಯದಾಗಲಿಲ್ಲ. ಇಬ್ಬರ ತೋಟಕ್ಕೆ ಸೊರಗು ರೋಗ ಮರಳಿ ಬಂತು. ಅವರು ದಾಳಿಂಬೆ ಕಿತ್ತು ಜೋಳ ಬಿತ್ತಿದರು.

ಎರಡೂವರೆ ವರ್ಷದ ಮೇಲೆ ಶಾಹಿನ್ ಉಸಿರುಮಾಪಕ ಹಿಡಿದುಕೊಂಡು ಮುತ್ತಲಗಟ್ಟಿಗೆ ಬಂದಳು. ಉಪಗ್ರಹದ ಚಿತ್ರದಲ್ಲಿ, ಬೂದು ಬಣ್ಣದ ನಡುವೆ, ಅರ್ಧ ಎಕರೆಯ ಒಂದು ಕಪ್ಪು ಚುಕ್ಕೆಯೂ ಅದರ ಸುತ್ತ ಚಿಕ್ಕ ಚಿಕ್ಕ ಚುಕ್ಕೆಗಳೂ ಕಂಡಿದ್ದವು. ಒಮ್ಮೆ ಒದ್ದೆಯಾದರೆ ಒದ್ದೆಯಾಗಿಯೇ ಉಳಿಯುವ ಮಣ್ಣು ಮಾತ್ರ ಹಾಗೆ ಕಾಣುತ್ತದೆ.

ಗದ್ದುಗೆಯ ಪಕ್ಕ ಕೊಳವೆ ಚುಚ್ಚಿದಳು. ಮುಳ್ಳು ಎದ್ದು ಕೊನೆಗೆ ಬಡಿಯಿತು. ಒಂದು ಹಿಡಿ ಮಣ್ಣು ತೆಗೆದು ಹಿಸುಕಿದಳು. ಹೆಂಟೆಯಾಗಿ ನಿಂತಿತು. ಮೂಸಿದಳು. ತುಸು ಹೊತ್ತು ಮೂಗಿನಿಂದ ಇಳಿಸಲಿಲ್ಲ.

“ಅವ್ವಾರ, ಏನು ಮಾಡೀರಿ ನೀವು?”

“ಎಡಿ ಕೊಟ್ಟೀನಿ.”

ನಿಂಬೆವ್ವ ಬಡಕಲಾಗಿದ್ದಳು. ಕೆಮ್ಮು ಹಿಡಿದಿತ್ತು. ಜನರನ್ನು ಸ್ವಲ್ಪ ದೂರ ಕಳಿಸಿ, ಶಾಹಿನ್‌ಳ ಚೀಲದ ಕಡೆ ಬೆರಳು ತೋರಿಸಿದಳು.

“ನೆಲದಾಗಿಂದು ಕಾಣೂದು ತಂದೀರೇನು? ಗಾಡಿಗಿತ್ತಲ್ಲ, ಅದು.”

ಶಾಹಿನ್ ಕೈಯಲ್ಲಿ ಹಿಡಿಯುವಂಥ ನೆಲನೋಟವನ್ನು ತೆಗೆದಳು. ಗದ್ದುಗೆಯ ಮೇಲೆ ನಿಧಾನವಾಗಿ ಎರಡು ಸ್ಥಳದಲ್ಲಿ ಇಟ್ಟು ನೋಡಿದಳು. ಆಮೇಲೆ ಮೂರನೆಯ ಸಲ ನೋಡಿದಳು.

“ಇದ್ದಾನೇನು?”

“ಇಲ್ಲ. ಮಣ್ಣಾಗ್ಯಾರ. ಎಲುಬಷ್ಟ ಉಳದಾವ.”

“ಎಲುಬು ಇರಲಿ. ಎಲುಬು ಕೈ ಎತ್ತೂದಿಲ್ಲ.”

ಶಾಹಿನ್ ಯಂತ್ರವನ್ನು ಆರಿಸಿದಳು. ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದಳು: “ಅವ್ವಾರ, ಎಡಿ ನಿಲ್ಲಿಸಬ್ಯಾಡ್ರಿ. ಊಟ ನಿಂತ್ರ ಮಣ್ಣು ಮತ್ತ ಸಾಯತದ. ಸುತ್ತಿನ ಊರಾಗಿನ ಜೀವ ಮಣ್ಣೆಲ್ಲ ಇಲ್ಲಿಂದ ಒಯ್ದದ್ದು.”

“ಅಂದ್ರ ನಾ ಇಲ್ಲೇ ಕುಂಡ್ರಬೇಕು.”

“ಸ್ವಲ್ಪ ದಿನ.”

“ಇದ್ದದ್ದ ಸ್ವಲ್ಪ ದಿನ,” ಎಂದಳು ನಿಂಬೆವ್ವ. ಕೆಮ್ಮು ನಿಲ್ಲುವವರೆಗೆ ಕಾದಳು. “ಈಗ ನನ್ನ ಅವನ ಮಗ್ಗಲದಾಗ ಕೂಡಿಸಿದ್ರ ಎಷ್ಟ ದಿನಕ್ಕ ಮಣ್ಣಾಗತೀನಿ?”

“ಈ ಮಣ್ಣಾಗ ಎರಡು ವರ್ಷ. ಮಳಿ ಚಲೋ ಆದ್ರ ಇನ್ನೂ ಲಗೂನ.”

ನಿಂಬೆವ್ವ ಸೊಟ್ಟ ಕೈ ಊರಿ ಎದ್ದಳು. ಸೀರೆಗೆ ಹತ್ತಿದ ಮಣ್ಣನ್ನು ಕೊಡವಲಿಲ್ಲ. ದೂರ ನಿಂತಿದ್ದ ಜನರಿಗೆ ಬರ್ರಿ ಎಂದು ಸನ್ನೆ ಮಾಡಿದಳು.

“ಎರಡ ವರ್ಷ ಆದ್ರ ನಡೀತೈತಿ, ಬಾಯಾರ,” ಎಂದಳು. “ಮೂವತ್ತೊಂದ ತಡದೀನಿ.”